ದಪ್ಪಗಿದ್ದೂ ಮುರಿದ ಮೂಳೆ: ಸಕಲೇಶಪುರ ಸೀಮೆಯ ಒಂದು ಪ್ರಕರಣ

ಈ ಪ್ರಕರಣದ ಮಹಿಳೆಗೆ 63 ವರ್ಷ. ಸಕಲೇಶಪುರ ತಾಲ್ಲೂಕಿನ ಒಳಗಿನ ಒಂದು ಊರು. ಮನೆಗೆ ನಾಲ್ಕು ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಎರಡು ಹಸು. ಜುಲೈ ತಿಂಗಳ ಒಂದು ಬೆಳಿಗ್ಗೆ ಹಾಲು ಕರೆದು ಕೊಟ್ಟಿಗೆಯಿಂದ ಬರುವಾಗ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿತು. ಎತ್ತರದಿಂದ ಬಿದ್ದದ್ದಲ್ಲ, ಓಡುವಾಗ ಎಡವಿದ್ದೂ ಅಲ್ಲ. ನಿಂತ ನಿಲುವಿನಲ್ಲೇ ಪಕ್ಕಕ್ಕೆ ಕುಸಿದು ಬಲಗೈ ಊರಿದರು. ಹೆಗಲಿಗೆ ಸ್ವಲ್ಪ ಕೆಳಗೆ ತೋಳಿನ ಮೂಳೆ ಮುರಿಯಿತು.

ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ತುಂಡುಗಳು ಹೆಚ್ಚು ಸರಿದಿಲ್ಲ, ಆಪರೇಷನ್ ಬೇಡ ಎಂದರು. ತೋಳನ್ನು ಜೋಳಿಗೆಗೆ ಹಾಕಿ, ಶುಗರ್ ಹತೋಟಿಗೆ ತರಲೆಂದು ಹಾಸನಕ್ಕೆ ನನ್ನ ಬಳಿ ಕಳಿಸಿದರು. ಅಂದರೆ ಅವರು ನನ್ನಲ್ಲಿಗೆ ಬಂದದ್ದು ಮೂಳೆಯ ಕಾರಣಕ್ಕಲ್ಲ. ಅವರ ಮತ್ತು ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಕುರ್ಚಿಯಲ್ಲಿ ಕೂತವರು ಮೊದಲು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ: “ದಪ್ಪ ಇದ್ದೋರ ಮೂಳೆ ಗಟ್ಟಿ ಅಂತಾರಲ್ಲ ಡಾಕ್ಟ್ರೇ, ನಂದ್ಯಾಕೆ ಹಿಂಗೆ ಲಟಕ್ಕನೆ ಮುರೀತು?”

ಹಾಗೆಂದು ಅವರಿಗೆ ಹೇಳಿದವರು ಅಕ್ಕಪಕ್ಕದವರಷ್ಟೇ ಅಲ್ಲ. ಫೈಲಿನಲ್ಲಿ ಹಿಂದಿನ ವರ್ಷದ ಒಂದು ಉಚಿತ ಶಿಬಿರದ ಚೀಟಿ ಇತ್ತು. ಹಿಮ್ಮಡಿಯನ್ನು ಯಂತ್ರದೊಳಗೆ ಇಟ್ಟು ಅಲ್ಟ್ರಾಸೌಂಡ್‌ನಿಂದ ಅಳೆದದ್ದು. ಫಲಿತಾಂಶ ಹಸಿರು ಪಟ್ಟಿಯೊಳಗೆ. “ತೂಕ ಇದೆಯಲ್ಲಮ್ಮ, ಮೂಳೆಗೇನೂ ಆಗಲ್ಲ” ಎಂದು ಅಲ್ಲಿದ್ದವರು ಹೇಳಿ ಕಳಿಸಿದ್ದರಂತೆ. ಇಂಥ ಶಿಬಿರಗಳ ಬಗ್ಗೆ ನನಗೆ ಮೊದಲಿಂದಲೂ ಅಷ್ಟಾಗಿ ಗೌರವವಿಲ್ಲ. ಕೆಂಪು ಪಟ್ಟಿ ಬಂದವರಿಗೆ ಕ್ಯಾಲ್ಸಿಯಂ ಡಬ್ಬಿ, ಹಸಿರು ಬಂದವರಿಗೆ ಇಲ್ಲದ ಧೈರ್ಯ. ಎರಡೂ ಅಗ್ಗಕ್ಕೆ ಸಿಗುತ್ತವೆ.

ಪರೀಕ್ಷೆಯಲ್ಲಿ ಕಂಡದ್ದು

ತೂಕ 81 ಕೆ.ಜಿ., ಎತ್ತರ 152 ಸೆಂ.ಮೀ., ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 35. ನಮ್ಮವರಿಗೆ 25 ದಾಟಿದರೆ ಬೊಜ್ಜು ಎಂದೇ ಲೆಕ್ಕ. ಸೊಂಟದ ಸುತ್ತಳತೆ 104 ಸೆಂ.ಮೀ.; ಹೆಂಗಸರಿಗೆ 80 ಮೀರಬಾರದು. ಕೈಕಾಲು ಅಂಥ ದಪ್ಪವೇನಲ್ಲ, ಮೈಯ ಭಾರವೆಲ್ಲ ಹೊಟ್ಟೆಯಲ್ಲೇ. ಸಕ್ಕರೆ ಕಾಯಿಲೆ ಶುರುವಾಗಿ 11 ವರ್ಷ. 46ಕ್ಕೇ ಮುಟ್ಟು ನಿಂತಿತ್ತು. ಬೀಡಿ, ಸಿಗರೇಟು, ಹೆಂಡ ಯಾವುದೂ ಇಲ್ಲ, ಎಲೆಅಡಿಕೆ ಉಂಟು. ಸ್ಟೀರಾಯ್ಡ್ ತೆಗೆದುಕೊಂಡ ದಾಖಲೆಯಿಲ್ಲ. ಮಂಡಿನೋವಿಗೆ ಊರಲ್ಲಿ ಯಾರೋ ಕೊಟ್ಟ ಪುಡಿಯ ಬಗ್ಗೆ ಬೇರೆಯಾಗಿ ವಿಚಾರಿಸಿದೆ. ಸ್ಟೀರಾಯ್ಡ್ ಬೆರೆಸಿದ ಪುಡಿಗಳು ಓಡಾಡುತ್ತಿರುತ್ತವೆ, ಕೇಳದೆ ಬಿಡಬಾರದು. ಅದನ್ನು ನಾಲ್ಕು ದಿನ ತಿಂದು ಬಿಟ್ಟಿದ್ದರು.

ಇನ್ನೊಂದು ಸಂಗತಿ ಹೊರಬಂದದ್ದು ಸೊಸೆಯ ಬಾಯಿಂದ. “ಎರಡು ವರ್ಷದ ಕೆಳಗೆ ಕಾಫಿ ಕಣದ ಮೆಟ್ಟಿಲಲ್ಲಿ ಕಾಲು ಉಳುಕಿತ್ತಲ್ಲತ್ತೆ, ಆಗ್ಲೂ ಬ್ಯಾಂಡೇಜ್ ಹಾಕಿದ್ರು.” ಉಳುಕಿದ್ದಲ್ಲ. ಹಳೆಯ ಎಕ್ಸ್‌ರೇ ತರಿಸಿ ನೋಡಿದರೆ ಪಾದದ ಕೀಲಿನ ಹೊರಗಡೆಯ ಮೂಳೆಯಲ್ಲಿ ಬಿರುಕಿತ್ತು. ಒಂದೇ ಮೆಟ್ಟಿಲು ತಪ್ಪಿದ್ದಕ್ಕೆ.

ಜೊತೆಗೆ ಎತ್ತರವೂ ಕುಗ್ಗಿತ್ತು. ಹಿಂದೆ ಎಷ್ಟಿದ್ದರೆಂದು ಅಳೆದಿಟ್ಟವರಾರು? “ಉಪ್ಪಿನಕಾಯಿ ಭರಣಿ ಇಡೋ ಹಲಗೆ ಈಗ ಕೈಗೆ ಎಟುಕಲ್ಲ” ಎಂದರು. ಬೆನ್ನಿನ ಪಕ್ಕದ ಎಕ್ಸ್‌ರೇ ಮಾಡಿಸಿದಾಗ ಎದೆಬೆನ್ನಿನ ಕೊನೆಯ ಕಶೇರು (ಬೆನ್ನುಮೂಳೆಯ ಒಂದು ಬಿಲ್ಲೆ), ಡಿ12, ಮುಂಭಾಗದಲ್ಲಿ ಕುಸಿದು ಆಪಿನ ಆಕಾರಕ್ಕೆ ಬಂದಿತ್ತು. ಯಾವಾಗ ಆದದ್ದೋ ಅವರಿಗೇ ಗೊತ್ತಿಲ್ಲ. ಬೆನ್ನುಮೂಳೆಯ ಮುರಿತಗಳಲ್ಲಿ ಬಹುಪಾಲು ಹೀಗೆ ಸೊಂಟನೋವಿನ ಲೆಕ್ಕದಲ್ಲೇ ಕಳೆದುಹೋಗುತ್ತವೆ.

ರಕ್ತಪರೀಕ್ಷೆ: ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಅಂಕಿ) 8.1, ವಿಟಮಿನ್ ಡಿ 11 ನ್ಯಾನೋಗ್ರಾಂ (20ಕ್ಕಿಂತ ಕಡಿಮೆಯಾದರೆ ಕೊರತೆ), ಕ್ಯಾಲ್ಸಿಯಂ ಸರಿ, ಮೂಳೆಯಿಂದ ಕ್ಯಾಲ್ಸಿಯಂ ಎಳೆಯುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಸ್ವಲ್ಪ ಹೆಚ್ಚು. ಮೂತ್ರಪಿಂಡ, ಥೈರಾಯ್ಡ್ ಸರಿಯಾಗಿದ್ದವು. ಮಜ್ಜೆಯ ಕ್ಯಾನ್ಸರ್ ಇಲ್ಲವೆಂದು ಖಾತ್ರಿಗೆ ಪ್ರೋಟೀನ್ ಪರೀಕ್ಷೆಯೂ ಆಯಿತು.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನನ್ನು ಮಗ ಬೆಂಗಳೂರಿನಲ್ಲಿ ಮಾಡಿಸಿಕೊಂಡು ಬಂದ. ತೊಡೆಮೂಳೆಯ ಕತ್ತಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿದ ಅಂಕಿ) ಮೈನಸ್ 1.3, ಸೊಂಟದ ಕಶೇರುಗಳಲ್ಲಿ ಮೈನಸ್ 0.4. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗೆರೆಯ ಪ್ರಕಾರ ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಹೋದರೆ ಮಾತ್ರ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ವರದಿಯ ಕೊನೆಯಲ್ಲಿ “ಸಾಂದ್ರತೆ ಸ್ವಲ್ಪ ಕಡಿಮೆ” ಎಂದಷ್ಟೇ ಇತ್ತು.

ಮೈಯಲ್ಲಿ ಮೂರು ಮುರಿತ, ಕಾಗದದಲ್ಲಿ ಹೆಚ್ಚುಕಡಿಮೆ ಸರಿಯಾದ ಮೂಳೆ. ಈ ಎರಡರಲ್ಲಿ ನಾನು ಮುರಿತವನ್ನು ನಂಬುತ್ತೇನೆ. ಸಣ್ಣ ಪೆಟ್ಟಿಗೆ ಕಶೇರು ಕುಸಿದಿದ್ದರೆ ಟಿ-ಸ್ಕೋರ್ ಏನೇ ಇರಲಿ, ಅದು ಆಸ್ಟಿಯೋಪೊರೋಸಿಸ್ಸೇ. ಸೊಂಟದ ಅಂಕಿಯಂತೂ ಈ ವಯಸ್ಸಿನಲ್ಲಿ ಮೋಸದ್ದು. ಸವೆದ ಕಶೇರುಗಳ ಅಂಚಿಗೆ ಬೆಳೆದ ಮುಳ್ಳುಗಳನ್ನೂ ಯಂತ್ರ ಮೂಳೆಯೆಂದೇ ಎಣಿಸುತ್ತದೆ.

ಕೊಬ್ಬು ಮೂಳೆಗೆ ಮಾಡುವುದೇನು

ಆ ತಾಯಿಯ ಪ್ರಶ್ನೆಯಲ್ಲಿ ಅರ್ಧ ನಿಜವಿದೆ. ಮೈಭಾರ ಹೊತ್ತ ಮೂಳೆ ಆ ಹೊರೆಗೆ ತಕ್ಕಂತೆ ದಪ್ಪವಾಗುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯ ಕೈಬಿಟ್ಟರೂ ಕೊಬ್ಬಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನನ್ನು ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತಿರುತ್ತದೆ. ಈಸ್ಟ್ರೋಜೆನ್ ಇದ್ದಷ್ಟೂ ಮೂಳೆ ಕರಗುವುದು ನಿಧಾನ. ಬಡಕಲು ಮೈಯ ಹೆಂಗಸರಿಗೆ ಈ ಎರಡು ಆಸರೆಯೂ ಇಲ್ಲ. ಸೊಂಟದ ಕೀಲು ಮುರಿಯುವುದು ದಪ್ಪಗಿದ್ದವರಲ್ಲಿ ಕಡಿಮೆ ಎಂಬುದೂ ಸರಿಯೇ. ಬಿದ್ದಾಗ ಪೃಷ್ಠದ ಮಾಂಸವೇ ಪೆಟ್ಟು ತಡೆಯುತ್ತದೆ.

ಆದರೆ ತೋಳು, ಪಾದದ ಕೀಲಿಗೆ ಅಂಥ ರಕ್ಷಣೆ ಇಲ್ಲ. ಹತ್ತು ದೇಶಗಳ 60,000ಕ್ಕೂ ಹೆಚ್ಚು ಮಹಿಳೆಯರನ್ನು ಹಿಂಬಾಲಿಸಿದ ‘ಗ್ಲೋ’ ಅಧ್ಯಯನದವರು 2011ರಲ್ಲಿ ಇದನ್ನೇ ಹೇಳಿದರು: ಮುಟ್ಟು ನಿಂತವರಲ್ಲಿ ಬೊಜ್ಜು ಮುರಿತದಿಂದ ಕಾಯುವುದಿಲ್ಲ, ಪಾದದ ಕೀಲಿನ ಮುರಿತ ಬೊಜ್ಜಿನವರಲ್ಲೇ ಹೆಚ್ಚು. ನಮ್ಮ ಪ್ರಕರಣದಲ್ಲಿ ಎರಡು ವರ್ಷದ ಹಿಂದಿನ ಮುರಿತ ಎಲ್ಲಿ ಆಗಿತ್ತೆಂದು ನೆನಪಿಸಿಕೊಳ್ಳಿ.

ಕೊಬ್ಬೆಂದರೆ ಸುಮ್ಮನೆ ಕೂಡಿಟ್ಟ ದಾಸ್ತಾನು ಎಂಬ ನಂಬಿಕೆ ಹೋದದ್ದು 1994ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ನಿನ ಜೀನ್ ಪತ್ತೆಮಾಡಿದಾಗ. ಕೊಬ್ಬಿನ ಕೋಶ ಲೆಪ್ಟಿನ್ ಸುರಿಸಿ, ಕೂಡಿಟ್ಟದ್ದು ಸಾಕಷ್ಟಿದೆ ಎಂದು ಮಿದುಳಿಗೆ ತಿಳಿಸುತ್ತದೆ, ಹಸಿವು ತಗ್ಗುತ್ತದೆ. ಅದಕ್ಕೂ ಮೂಳೆಗೂ ಏನು ಸಂಬಂಧ? 2000ದಲ್ಲಿ ಹ್ಯೂಸ್ಟನ್ನಿನಲ್ಲಿದ್ದ ಜೆರಾರ್ಡ್ ಕಾರ್ಸೆಂಟಿಯ ತಂಡ ಲೆಪ್ಟಿನ್ನೇ ಇಲ್ಲದ ಇಲಿಗಳ ಮೂಳೆ ನೋಡಿ ಬೆರಗಾಯಿತು. ಆ ಇಲಿಗಳಲ್ಲಿ ಲೈಂಗಿಕ ಹಾರ್ಮೋನುಗಳೂ ಕಡಿಮೆ, ಮೂಳೆ ಟೊಳ್ಳಾಗಿರಬೇಕಿತ್ತು. ಬೆನ್ನುಮೂಳೆ ಮಾತ್ರ ಎಂದಿಗಿಂತ ಗಟ್ಟಿ. ಲೆಪ್ಟಿನ್ ಮಿದುಳಿನ ಹೈಪೊಥಲಾಮಸ್‌ಗೆ ಹೋಗಿ, ಅಲ್ಲಿಂದ ಸಿಂಪಥೆಟಿಕ್ ನರಗಳ ಮೂಲಕ ಮೂಳೆ ಕಟ್ಟುವ ಕೋಶಗಳಿಗೆ ಕಡಿವಾಣ ಹಾಕುತ್ತದೆ ಎಂದು ಮುಂದಿನ ಪ್ರಯೋಗಗಳು ತೋರಿಸಿದವು.

ಕಥೆ ಅಲ್ಲಿಗೇ ಮುಗಿದಿದ್ದರೆ ಲೆಪ್ಟಿನ್ ಮೂಳೆಯ ವೈರಿ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಅದೇ ಲೆಪ್ಟಿನ್ ಮಿದುಳನ್ನು ಬಳಸದೆ ನೇರವಾಗಿ ಮಜ್ಜೆಯ ಕೋಶಗಳಿಗೆ ತಾಗಿದರೆ ಮೂಳೆ ಕಟ್ಟಲು ಪ್ರೋತ್ಸಾಹ ಕೊಡುತ್ತದೆ. ಊಟ ಬಿಟ್ಟೋ ವಿಪರೀತ ವ್ಯಾಯಾಮದಿಂದಲೋ ಮೈಯ ಕೊಬ್ಬು ಕರಗಿ ಮುಟ್ಟು ನಿಂತುಹೋದ ಯುವತಿಯರಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಮುಟ್ಟು ಮರಳಿದ್ದೂ ಬೆನ್ನುಮೂಳೆಯ ಸಾಂದ್ರತೆ ಏರಿದ್ದೂ ಉಂಟು. ಕಡಿಮೆಯಾದರೂ ಕೇಡು. ಇನ್ನು ಬೊಜ್ಜಿನವರ ರಕ್ತದಲ್ಲಿ ಲೆಪ್ಟಿನ್ ತುಂಬಿ ತುಳುಕುತ್ತಿದ್ದರೂ ಮಿದುಳು ಅದಕ್ಕೆ ಕಿವಿಗೊಡುವುದಿಲ್ಲ.

ಕೊಬ್ಬಿನ ಕೋಶವೇ ಸುರಿಸುವ ಇನ್ನೊಂದು ಹಾರ್ಮೋನ್ ಅಡಿಪೋನೆಕ್ಟಿನ್ ಇದಕ್ಕಿಂತ ಒಗಟು. ಮೈ ದಪ್ಪವಾದಷ್ಟೂ ರಕ್ತದಲ್ಲಿ ಅದು ಇಳಿಯುತ್ತದೆ. ಶುಗರ್‌ಗೆ, ಹೃದಯಕ್ಕೆ ಒಳ್ಳೆಯದೆಂದು ಹೆಸರು. ಆದರೂ ಅನೇಕ ಅಧ್ಯಯನಗಳಲ್ಲಿ ಅಡಿಪೋನೆಕ್ಟಿನ್ ಹೆಚ್ಚಿರುವವರ ಮೂಳೆ ಸಾಂದ್ರತೆ ಕಡಿಮೆಯೇ ಕಂಡಿದೆ. ಇದರ ಮೇಲೆ ಚಿಕಿತ್ಸೆ ಕಟ್ಟುವ ಕಾಲ ಇನ್ನೂ ಬಂದಿಲ್ಲ, ಮುಂದೆ ಹೋಗೋಣ.

ಈ ಪ್ರಕರಣಕ್ಕೆ ಹೆಚ್ಚು ಹತ್ತಿರವಾದದ್ದು ಹೊಟ್ಟೆಯೊಳಗೆ ಕರುಳಿನ ಸುತ್ತ ಶೇಖರವಾಗುವ ಕೊಬ್ಬು. ಅದು ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಮೊದಲಾದ ಉರಿಯೂತದ ರಾಸಾಯನಿಕಗಳನ್ನು ಸಣ್ಣಗೆ ಸದಾ ಸುರಿಸುತ್ತಿರುತ್ತದೆ. ಇವು ಮೂಳೆ ಕೆರೆದು ತಿನ್ನುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಎಬ್ಬಿಸುತ್ತವೆ. ತೊಡೆಯ ಕೊಬ್ಬು ಇಷ್ಟು ಉಪದ್ರವಕಾರಿಯಲ್ಲ. ತೂಕದ ಕಾಟಾ ಇವೆರಡರ ವ್ಯತ್ಯಾಸ ಹೇಳುವುದಿಲ್ಲ, ಸೊಂಟದ ಟೇಪು ಹೇಳುತ್ತದೆ. ವಿಟಮಿನ್ ಡಿ ಕೂಡ ಕೊಬ್ಬಿನಲ್ಲಿ ಕರಗುವ ವಸ್ತು. ಮೈಕೊಬ್ಬು ಹೆಚ್ಚಿದ್ದಷ್ಟೂ ಅಲ್ಲೇ ಹಂಚಿಹೋಗಿ ರಕ್ತದಲ್ಲಿ ಕಡಿಮೆ ಉಳಿಯುತ್ತದೆ. ಅದಕ್ಕೆ ಸಕಲೇಶಪುರದ ಮಳೆಗಾಲವೂ ಸೇರಿದರೆ 11 ಬಂದದ್ದು ಆಶ್ಚರ್ಯವಲ್ಲ.

ಮಾತ್ರೆ ಚೀಟಿಯಲ್ಲಿ ಇದ್ದದ್ದು

ಇನ್ನು ಮಜ್ಜೆ. ಮೂಳೆಯೊಳಗಿನ ಮಜ್ಜೆಯಲ್ಲೂ ಕೊಬ್ಬಿದೆ, ತೆಳ್ಳಗಿರುವ ಆರೋಗ್ಯವಂತರಲ್ಲಿ ಮೈಯ ಒಟ್ಟು ಕೊಬ್ಬಿನ ಸುಮಾರು ಹತ್ತನೆಯ ಒಂದು ಭಾಗ. ಅಲ್ಲಿನ ಒಂದು ಬಗೆಯ ತಾಯಿಕೋಶಕ್ಕೆ ಎರಡು ದಾರಿ: ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಆಗುವುದು, ಇಲ್ಲವೇ ಕೊಬ್ಬಿನ ಕೋಶವಾಗುವುದು. ವಯಸ್ಸಾದಂತೆ, ಈಸ್ಟ್ರೋಜೆನ್ ಇಳಿದಂತೆ, ಎರಡನೆಯ ದಾರಿಯೇ ಹೆಚ್ಚು ಸವೆಯುತ್ತದೆ. ಆ ದಾರಿಗೆ ತಿರುಗಿಸುವ ಮುಖ್ಯ ಸ್ವಿಚ್ಚಿನ ಹೆಸರು ಪಿಪಿಎಆರ್-ಗಾಮಾ.

ಆ ಸ್ವಿಚ್ಚನ್ನೇ ಒತ್ತುವ ಮಾತ್ರೆ ಈ ತಾಯಿಯ ಚೀಟಿಯಲ್ಲಿತ್ತು. ಬೆಳಿಗ್ಗೆ ತಿಂಡಿಗೆ ಮೊದಲು ಒಂದು, ರಾತ್ರಿ ಒಂದು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಪಯೋಗ್ಲಿಟಜೋನ್ ಮೂರೂ ಸೇರಿದ ಮಾತ್ರೆ. ನಮ್ಮ ಕಡೆ ಮೆಡಿಕಲ್ ಶಾಪಿನಲ್ಲಿ ಇದರಷ್ಟು ಓಡುವ ಶುಗರ್ ಮಾತ್ರೆಗಳು ಕಡಿಮೆ, ಬೆಲೆಯೂ ಹಗುರ. ಆರು ವರ್ಷದಿಂದ ನುಂಗುತ್ತಿದ್ದರು. ಪಯೋಗ್ಲಿಟಜೋನ್ ಇನ್ಸುಲಿನ್ನಿಗೆ ಮೈ ಸ್ಪಂದಿಸುವಂತೆ ಮಾಡುವುದು ಈ ಪಿಪಿಎಆರ್-ಗಾಮಾ ಮೂಲಕವೇ. ಅದರ ಜೊತೆಗೆ ಮಜ್ಜೆಯ ತಾಯಿಕೋಶಗಳನ್ನೂ ಕೊಬ್ಬಿನ ಕಡೆಗೆ ತಳ್ಳುತ್ತದೆ. ಗದ್ದೆಗೆ ಬರುವ ನೀರನ್ನು ಮೇಲಿನವರು ತಮ್ಮ ಕೆರೆಗೆ ತಿರುಗಿಸಿಕೊಂಡ ಹಾಗೆ ಎಂದು ಹೇಳಿದಾಗ ಅವರಿಗೆ ತಕ್ಷಣ ಅರ್ಥವಾಯಿತು.

ಇದು ಬರೀ ಸಿದ್ಧಾಂತವಲ್ಲ. ಇದೇ ಗುಂಪಿನ ರೋಸಿಗ್ಲಿಟಜೋನನ್ನು ಒಳಗೊಂಡ ‘ಅಡಾಪ್ಟ್’ ಪ್ರಯೋಗದ ಫಲಿತಾಂಶ 2006ರ ಕೊನೆಗೆ ಬಂತು. ರೋಸಿಗ್ಲಿಟಜೋನ್ ತೆಗೆದುಕೊಂಡ ಮಹಿಳೆಯರಲ್ಲಿ ಶೇ. 9.3ರಷ್ಟು ಮಂದಿಗೆ ಮೂಳೆ ಮುರಿದಿತ್ತು, ಮೆಟ್‌ಫಾರ್ಮಿನ್‌ನವರಲ್ಲಿ ಶೇ. 5.1, ಗ್ಲೈಬುರೈಡ್ ಎಂಬ ಇನ್ನೊಂದು ಶುಗರ್ ಮಾತ್ರೆಯವರಲ್ಲಿ ಶೇ. 3.5. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಮುರಿದ ಜಾಗಗಳು ಮೇಲ್ತೋಳು, ಕೈ, ಪಾದ. ಮರುವರ್ಷವೇ ಪಯೋಗ್ಲಿಟಜೋನ್ ಬಗ್ಗೆಯೂ ಮಹಿಳೆಯರಲ್ಲಿ ಕೈಕಾಲಿನ ಮುರಿತ ಹೆಚ್ಚೆಂಬ ಎಚ್ಚರಿಕೆ ಹೊರಬಿತ್ತು. ರೋಸಿಗ್ಲಿಟಜೋನ್ ಹೃದಯದ ತೊಂದರೆಯ ಕಾರಣಕ್ಕೆ ನಮ್ಮ ದೇಶದಲ್ಲಿ 2010ರಲ್ಲಿ ನಿಷೇಧವಾಯಿತು. ಪಯೋಗ್ಲಿಟಜೋನನ್ನು 2013ರಲ್ಲಿ ತಡೆಹಿಡಿದು, ಕೆಲವೇ ವಾರಗಳಲ್ಲಿ ಎಚ್ಚರಿಕೆಯ ಒಕ್ಕಣೆಯೊಂದಿಗೆ ಮತ್ತೆ ಬಿಟ್ಟರು. ಆ ಗಲಾಟೆಯೆಲ್ಲ ಮೂತ್ರಕೋಶದ ಕ್ಯಾನ್ಸರಿನ ಸುತ್ತ ನಡೆದದ್ದರಿಂದಲೋ ಏನೋ, ಮೂಳೆಯ ಮಾತು ಚೀಟಿ ಬರೆಯುವವರ ಕಿವಿಗೆ ಅಷ್ಟಾಗಿ ಬೀಳಲಿಲ್ಲ.

ಟೈಪ್ 2 ಸಕ್ಕರೆ ಕಾಯಿಲೆಯೂ ತನ್ನ ಪಾಲು ಸೇರಿಸಿತ್ತು. ಹೆಚ್ಚಿದ ಸಕ್ಕರೆ ಮೂಳೆಯ ಕೊಲಾಜೆನ್ ಎಳೆಗಳಿಗೆ ಅಂಟಿ ಅವನ್ನು ಪೆಡಸು ಮಾಡುತ್ತದೆ. ಖನಿಜ ಅಷ್ಟೇ ಇದ್ದರೂ ಬಾಗುವ ಗುಣ ಹೋಗುತ್ತದೆ. ಡೆಕ್ಸಾ ಅಳೆಯುವುದು ಖನಿಜವನ್ನು, ಪೆಡಸುತನವನ್ನಲ್ಲ. ಆದ್ದರಿಂದ ಸಕ್ಕರೆ ಕಾಯಿಲೆಯವರ ಟಿ-ಸ್ಕೋರನ್ನು ಓದುವಾಗ ಇನ್ನೂ ಅರ್ಧ ಅಂಕ ಕಳೆದು ಓದಬೇಕೆಂಬ ರೂಢಿ ಬಂದಿದೆ.

ಮಗನ ಪ್ರಶ್ನೆ

ಎರಡನೆಯ ಸಲ ಬಂದಾಗ ಬೆಂಗಳೂರಿನ ಮಗ ಫೋನಿನಲ್ಲಿ ಓದಿಕೊಂಡು ಸಿದ್ಧನಾಗಿ ಬಂದಿದ್ದ. “ಸರ್, ಲೆಪ್ಟಿನ್, ಅಡಿಪೋನೆಕ್ಟಿನ್ ಟೆಸ್ಟ್ ಮಾಡಿಸಿಬಿಡೋಣ್ವಾ? ದುಡ್ಡು ಎಷ್ಟಾದ್ರೂ ಪರ್ವಾಗಿಲ್ಲ.”

ಬೇಡ ಎಂದೆ. ಅವರ ಲೆಪ್ಟಿನ್ ಹೆಚ್ಚಿರುತ್ತದೆ, ಅಡಿಪೋನೆಕ್ಟಿನ್ ಕಡಿಮೆಯಿರುತ್ತದೆ. ಸೊಂಟದ ಟೇಪೇ ಅದನ್ನು ಹೇಳಿಯಾಗಿದೆ. ಅಂಕಿ ಬಂದಮೇಲೆ ನಾನು ಬರೆಯುವ ಚೀಟಿಯಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಇವು ಸಂಶೋಧನೆಗೆ ಬೇಕಾದ ಪರೀಕ್ಷೆಗಳು. ಆ ಹಣದಲ್ಲಿ ಬಚ್ಚಲುಮನೆಯ ಗೋಡೆಗೆ ಹಿಡಿ ಹಾಕಿಸಿ ಎಂದೆ. ಅವನ ಮುಖ ಸ್ವಲ್ಪ ಸಪ್ಪಗಾಯಿತು.

ಮಾಡಿದ ಚಿಕಿತ್ಸೆ

ಮೊದಲು ಪಯೋಗ್ಲಿಟಜೋನ್ ನಿಲ್ಲಿಸಿದೆ. ಗ್ಲಿಮೆಪಿರೈಡನ್ನೂ ತೆಗೆದೆ, ಅದರಿಂದ ಶುಗರ್ ಇದ್ದಕ್ಕಿದ್ದಂತೆ ಇಳಿದು ತಲೆಸುತ್ತಿ ಬೀಳುವವರಿದ್ದಾರೆ. ಮೆಟ್‌ಫಾರ್ಮಿನ್ ಮುಂದುವರಿಸಿ ಸಿಟಾಗ್ಲಿಪ್ಟಿನ್ ಎಂಬ ಬೇರೊಂದು ಶುಗರ್ ಮಾತ್ರೆ ಸೇರಿಸಿದೆ. 2022ರಲ್ಲಿ ಪೇಟೆಂಟ್ ಮುಗಿದಮೇಲೆ ಅದರ ಬೆಲೆ ಎಟುಕುವಂತಾಗಿದೆ, ಮೂಳೆಗೂ ತೊಂದರೆಯಿಲ್ಲ.

ವಿಟಮಿನ್ ಡಿ 60,000 ಯೂನಿಟ್, ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು. “ವಾರಕ್ಕೆ ಒಂದು” ಎಂಬುದನ್ನು ಸೊಸೆಯ ಬಾಯಲ್ಲಿ ಹೇಳಿಸಿ, ಭಾನುವಾರವೆಂದು ಗುರುತು ಹಾಕಿಸಿದೆ. ದಿನಕ್ಕೊಂದರಂತೆ ನುಂಗಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದವರನ್ನು ಕಂಡಿದ್ದೇನೆ. ಡಿ ಮಟ್ಟ 30 ದಾಟಿದ ಮೇಲೆ, ಹಲ್ಲಿನ ಡಾಕ್ಟರಿಗೂ ತೋರಿಸಿ, ಮೂಳೆ ಕರಗುವುದನ್ನು ತಡೆಯುವ ಜೊಲೆಡ್ರೋನಿಕ್ ಆಸಿಡ್ 5 ಮಿಲಿಗ್ರಾಂ ಡ್ರಿಪ್‌ನಲ್ಲಿ ಕೊಟ್ಟೆವು, ವರ್ಷಕ್ಕೊಮ್ಮೆ. ವಾರಕ್ಕೊಂದು ನುಂಗುವ ಮಾತ್ರೆಯೂ ಇದೆ. ಆದರೆ ಅದನ್ನು ಬರೀಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು. ಇವರಿಗೆ ಎದೆಯುರಿ, ಮೇಲಾಗಿ ಎದ್ದ ಕೂಡಲೇ ಕಾಫಿ ಬೇಕೇಬೇಕು. ಡ್ರಿಪ್ ಆದ ರಾತ್ರಿ ಜ್ವರ, ಮೈಕೈ ನೋವು ಬಂತು. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ.

ಊಟದ ವಿಷಯಕ್ಕೆ ಸ್ವಲ್ಪ ಜಗ್ಗಾಟವಾಯಿತು. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡುಬೋ ಅನ್ನವೋ, ದಿನವಿಡೀ ಅಕ್ಕಿಯೇ. ಹಾಲು ಡೈರಿಗೆ ಹೋಗುತ್ತದೆ, ಕಾಫಿಗೆ ಬೇಕಾದಷ್ಟು ಮಾತ್ರ ಮನೆಗೆ. ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಇವರಿಗೆ ಅದರ ಅರ್ಧವೂ ಸಿಗುತ್ತಿರಲಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. “ಮುದ್ದೆ ನಮ್ ಕಡೆ ಅಷ್ಟು ಓಡಲ್ಲ ಡಾಕ್ಟ್ರೇ, ಅದು ಚನ್ನರಾಯಪಟ್ಟಣದೋರಿಗೆ” ಎಂದರು. ರಾತ್ರಿಯ ಅನ್ನದ ಬದಲು ರಾಗಿರೊಟ್ಟಿ, ಎರಡು ಲೋಟ ಮಜ್ಜಿಗೆಗೆ ರಾಜಿಯಾಯಿತು. ಮನೆಯಲ್ಲಿ ಮೀನು ನಡೆಯುತ್ತದೆ. ಮಂಗಳೂರಿನ ಕಡೆಯಿಂದ ಬರುವ ಬೂತಾಯಿಯನ್ನು ಮುಳ್ಳು ಮೆತ್ತಗಾಗುವಂತೆ ಬೇಯಿಸಿ ತಿನ್ನಲು ಹೇಳಿದೆ. ಹುರುಳಿ, ಹೆಸರುಕಾಳು, ಮೊಟ್ಟೆ ಸ್ನಾಯುಗಳಿಗಾಗಿ.

ತೂಕ ಇಳಿಸಲೇಬೇಕು, ಆದರೆ ನಿಧಾನವಾಗಿ. ಉಪವಾಸ ಮಾಡಿ ದಡದಡ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯು, ಮೂಳೆ ಎರಡೂ ಕರಗುತ್ತವೆ. ಬೊಜ್ಜಿನ ವೃದ್ಧರ ಮೇಲೆ ನಡೆದ ಪ್ರಯೋಗಗಳಲ್ಲಿ ತೂಕ ಇಳಿಸುವಾಗ ಭಾರ ಎತ್ತುವ ವ್ಯಾಯಾಮವನ್ನೂ ಮಾಡಿದವರ ಮೂಳೆ ಕಡಿಮೆ ನಷ್ಟವಾಯಿತು. ತೋಳು ಕೂಡಿದ ಮೇಲೆ ಫಿಸಿಯೋಥೆರಪಿಯವರು ಕಲಿಸಿದ್ದು ಇಷ್ಟೇ: ಕೈ ಆಸರೆಯಿಲ್ಲದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ನೀರು ತುಂಬಿದ ಲೀಟರ್ ಬಾಟಲಿ ಎತ್ತುವುದು, ಬಾಗಿಲಚೌಕಟ್ಟು ಹಿಡಿದು ತುದಿಗಾಲಲ್ಲಿ ನಿಲ್ಲುವುದು.

ನನ್ನ ಪ್ರಕಾರ ಇವೆಲ್ಲದರಷ್ಟೇ ಮುಖ್ಯವಾದದ್ದು ಅಂಗಳ. ಪಾದದ ಸ್ಪರ್ಶ ಪರೀಕ್ಷಿಸಿದಾಗ ಬೆರಳ ತುದಿಗಳಲ್ಲಿ ಜ್ಞಾನ ಕಡಿಮೆಯಾಗಿತ್ತು. ಕಾಲಡಿ ಜಾರುತ್ತಿದೆ ಎಂಬುದೇ ತಡವಾಗಿ ತಿಳಿಯುವ ಕಾಲು. ಅವರು ಬಿಚ್ಚಿಟ್ಟ ಹವಾಯಿ ಚಪ್ಪಲಿ ತಿರುಗಿಸಿ ನೋಡಿದೆ: ಹಿಮ್ಮಡಿಯ ಕಡೆ ಗೀರುಗಳೆಲ್ಲ ಸವೆದು ನುಣ್ಣಗೆ, ಒಂದು ಕಡೆ ಬೆರಳು ತೂರುವಷ್ಟು ತೆಳುವಾಗಿತ್ತು. ಹಿಂದೆ ಪಟ್ಟಿ ಇರುವ, ತಳದಲ್ಲಿ ಹಿಡಿತ ಇರುವ ಚಪ್ಪಲಿ ಬಂತು. ಅಂಗಳಕ್ಕೆ ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುವ ಕೆಲಸ ಸೊಸೆ ವಹಿಸಿಕೊಂಡರು. ಕೊಟ್ಟಿಗೆವರೆಗೆ ಒರಟು ಕಲ್ಲುಚಪ್ಪಡಿ ಹಾಸಿಸಿದ ಮಗ, ಬಚ್ಚಲಿಗೆ ಹಿಡಿಯನ್ನೂ ಹಾಕಿಸಿದ.

ಒಂದು ವರ್ಷದ ನಂತರ

ತೂಕ 76.5 ಕೆ.ಜಿ., ಸೊಂಟ 97 ಸೆಂ.ಮೀ., ಎಚ್‌ಬಿಎ1ಸಿ 7.2, ವಿಟಮಿನ್ ಡಿ 34. ಬಲಗೈ ತಲೆಯ ಮೇಲಕ್ಕೆ ಪೂರ್ತಿ ಹೋಗುವುದಿಲ್ಲ, ಜಡೆ ಹಾಕಿಕೊಳ್ಳಲು ಸೊಸೆ ಬೇಕು. ಮತ್ತೆ ಒಮ್ಮೆ ಜಾರಿ ಕೂತಿದ್ದರಂತೆ, ಮೂಳೆ ಮುರಿಯಲಿಲ್ಲ. ಅದೇ ಯಂತ್ರದಲ್ಲಿ ಮತ್ತೆ ಮಾಡಿಸಿದ ಡೆಕ್ಸಾದಲ್ಲಿ ತೊಡೆಮೂಳೆಯ ಅಂಕಿ ಮೈನಸ್ 1.2. ಮಗ ಖುಷಿಪಟ್ಟ. ಯಂತ್ರದ ಏರುಪೇರಿನೊಳಗಿನ ಬದಲಾವಣೆ ಅದು, ನಾನು ಖುಷಿಪಡಲಿಲ್ಲ. ಡಿ12 ಇನ್ನಷ್ಟು ಕುಸಿದಿಲ್ಲ, ಹೊಸ ಕಶೇರು ಮುರಿದಿಲ್ಲ ಎಂಬ ಎಕ್ಸ್‌ರೇ ಮಾತು ನನಗೆ ಹೆಚ್ಚು. ಮೂಳೆ ಕೆಟ್ಟದ್ದರಲ್ಲಿ ಹೊಟ್ಟೆಕೊಬ್ಬಿನ ಪಾಲೆಷ್ಟು, ಮಾತ್ರೆಯದೆಷ್ಟು, ಸಕ್ಕರೆಯದೆಷ್ಟು ಎಂದು ಒಬ್ಬ ರೋಗಿಯಲ್ಲಿ ಪಾಲು ಹಾಕಲು ಬರುವುದಿಲ್ಲ. ಎರಡನೆಯ ಡ್ರಿಪ್ ಕೊಟ್ಟು ಕಳಿಸಿದೆ.

ಆ ದಿನ ಅವರ ಜೊತೆ ತಂಗಿಯೂ ಬಂದಿದ್ದರು. ಆಲೂರು ಕಡೆಗೆ ಕೊಟ್ಟದ್ದು, 47 ವರ್ಷ, ಅಕ್ಕನಷ್ಟೇ ದಪ್ಪ, ಕೈಯಲ್ಲಿ ಅದೇ ಮೂರು ಸೇರಿದ ಮಾತ್ರೆಯ ಪಟ್ಟಿ. “ನಂಗೂ ಇದನ್ನ ನಿಲ್ಲಿಸಿಬಿಡಿ ಡಾಕ್ಟ್ರೇ” ಎಂದು ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಅವರಿಗೆ ಮುಟ್ಟು ಇನ್ನೂ ನಿಂತಿಲ್ಲ. ಎಲ್ಲೂ ಮೂಳೆ ಮುರಿದಿಲ್ಲ. ಹೃದಯ ಸರಿಯಿದೆ, ಕಾಲಲ್ಲಿ ಬಾವಿಲ್ಲ. ಯಕೃತ್ತಿನಲ್ಲಿ ಮಾತ್ರ ಕೊಬ್ಬು ತುಂಬಿ ಉರಿಯೂತ ಶುರುವಾಗಿತ್ತು, ಅದಕ್ಕೆ ಪಯೋಗ್ಲಿಟಜೋನಿನಿಂದ ಉಪಯೋಗವಿದೆ. ಗ್ಲಿಮೆಪಿರೈಡ್ ತೆಗೆದು, ಪಯೋಗ್ಲಿಟಜೋನನ್ನು 15 ಮಿಲಿಗ್ರಾಂಗೆ ಇಳಿಸಿ ಉಳಿಸಿದೆ. ವಿಟಮಿನ್ ಡಿ ಪರೀಕ್ಷೆಗೆ ಬರೆದುಕೊಟ್ಟೆ. ಮುಟ್ಟು ನಿಂತ ವರ್ಷ ತಪ್ಪದೆ ಬಂದು ತೋರಿಸಬೇಕು, ಆಗ ಈ ಮಾತ್ರೆ ಬೇಕೋ ಬೇಡವೋ ಮತ್ತೆ ನೋಡೋಣ ಎಂದು ಚೀಟಿಯ ಕೆಳಗೆ ಕನ್ನಡದಲ್ಲೇ ಬರೆದೆ.